ಸಾಕ್ಷಿಯಿಲ್ಲದ ನೋವು

ನಮ್ಮ ಕೇರಿಯ ಹೆಂಗಸರ ಬಾಯಲ್ಲಿ ನೋವಿಗೆ ಒಂದೇ ಹೆಸರಿಲ್ಲ. ಸೆಳೆತ, ಉಳುಕು, ಜೋಮು, ಉರಿ, ಕುಟುಕು, ಸಿಡಿತ, ಹಿಡಿತ ಅಂತ ಒಂದೊಂದಕ್ಕೂ ಒಂದೊಂದು ಮಾತು ಇದೆ. ನಾಟಿ ಹಾಕಿದ ಸಂಜೆಯ ಸೊಂಟದ ನೋವು ಬೇರೆ, ಸೌದೆ ಹೊರೆ ಇಳಿಸಿದ ಮೇಲಿನ ಕತ್ತಿನ ನೋವು ಬೇರೆ, ಬಾಣಂತನ ಮುಗಿಯುವ ಮೊದಲೇ ಎದ್ದು ಕೂಲಿಗೆ ಹೋದವಳ ಬೆನ್ನಿನ ನೋವು ಬೇರೆ. ದುಡಿಯುವ ಮೈ ತನ್ನ ನೋವನ್ನ ತಾನೇ ವಿಂಗಡಿಸಿ ಇಟ್ಟುಕೊಂಡಿದೆ. ಈ ಮಾತುಗಳು ಯಾವ ಆಸ್ಪತ್ರೆಯ ಚೀಟಿಗೂ ಹತ್ತುವುದಿಲ್ಲ. ಚೀಟಿಯಲ್ಲಿ ಬರೆಯುವುದು ಎರಡೇ ಪದ: ಮೈಕೈ ನೋವು. ಅದಕ್ಕೆ ಕೊಡುವುದು ಒಂದೇ ಮದ್ದು: ಒಂದು ಇಂಜೆಕ್ಷನ್ನು, ಹತ್ತು ಮಾತ್ರೆ.

ನಮ್ಮವ್ವನಿಗೆ ಬಂದ ನೋವು ಕೇರಿಯ ಈ ಮಾತುಗಳಿಗೂ ಸಿಗಲಿಲ್ಲ. ಅದಕ್ಕೇ ಇದನ್ನ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಊರು. ನೀರು ಗೌಡರ ಗದ್ದೆಗೆ, ಕೆಸರು ನಮ್ಮ ಕಾಲಿಗೆ. ಅವ್ವನ ಅಪ್ಪ ಜೀತಕ್ಕಿದ್ದವನು. ಜೀತವನ್ನ ರದ್ದು ಮಾಡಿದ ಕಾನೂನು 1976ರಲ್ಲಿ ಬಂತು. ಆಗ ಅವ್ವನಿಗೆ ಹದಿನಾರೋ ಹದಿನೇಳೋ ವಯಸ್ಸು. ಅಷ್ಟು ಹೊತ್ತಿಗಾಗಲೇ ಹತ್ತು ವರ್ಷ ಕೊಟ್ಟಿಗೆ ಬಾಚಿದ್ದಳು, ಗೊಬ್ಬರದ ಮಂಕರಿ ಹೊತ್ತಿದ್ದಳು. ಆಮೇಲೆ ನಾಟಿ, ಕಳೆ, ಕೊಯ್ಲು, ಕಬ್ಬಿನ ತರಗು ಬಿಡಿಸೋದು. ನಾಲ್ಕು ಮಕ್ಕಳನ್ನ ಹೆತ್ತಳು, ಮೂವರನ್ನ ಉಳಿಸಿಕೊಂಡಳು. ಆಕೆ ಕೂತು ಉಂಡಿದ್ದನ್ನ ನಾನು ನೋಡಿದ್ದು ಕಡಿಮೆ.

2009ರ ಸುಗ್ಗಿ ಕಳೆದ ಮೇಲೆ ಶುರುವಾಯಿತು. ಮೊದಲು ಹೆಗಲು, ಆಮೇಲೆ ಸೊಂಟ, ಆಮೇಲೆ ತೊಡೆ, ಮೊಣಕೈ, ಕತ್ತಿನ ಬುಡ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಹಿಡಿಯುತ್ತಿದ್ದದ್ದು ಕೊನೆಕೊನೆಗೆ ಬಿಡುವುದನ್ನೇ ಮರೆಯಿತು. ಎಲ್ಲವ್ವಾ ನೋವು ಅಂತ ಕೇಳಿದರೆ, "ಒಂದ್ ಕಡೆ ಅಂತ ಯೆಂಗ್ ತೋರ್ಸನ ಮಗ, ಮಯ್ಯೇ ಒಂದು ಹುಣ್ಣಾಗದೆ" ಅನ್ನುತ್ತಿದ್ದಳು. ಬಳೆ ತೊಟ್ಟರೆ ನೋವು. ರವಿಕೆ ಬಿಗಿಯಾದರೆ ನೋವು. ಮೊಮ್ಮಗಳು ಓಡಿಬಂದು ತೊಡೆ ಮೇಲೆ ಕೂತರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳೇ ಹೊರತು ಮಗುವನ್ನ ಇಳಿಸುತ್ತಿರಲಿಲ್ಲ. ರಾತ್ರಿಯೆಲ್ಲ ಮಲಗಿರುತ್ತಿದ್ದಳು, ಬೆಳಿಗ್ಗೆ ಎದ್ದರೆ "ಯಾರೋ ಒನಕೇಲಿ ಕುಟ್ಟಿ ಹಾಕ್ದಂಗದೆ" ಅನ್ನುತ್ತಿದ್ದಳು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ಊರ ಎಲ್ಲರ ಮದುವೆಯ ವರ್ಷ ಬಾಯಲ್ಲಿಟ್ಟುಕೊಂಡಿದ್ದ ಹೆಂಗಸು, ಮಾತಿನ ಮಧ್ಯೆ ಹೆಸರು ಸಿಗದೆ ನಿಂತುಬಿಡುತ್ತಿದ್ದಳು.

ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ಬಾವು ಇಲ್ಲ, ಜ್ವರ ಇಲ್ಲ, ಗಾಯ ಇಲ್ಲ. ಕಾಣದೇ ಇದ್ದದ್ದಕ್ಕೆ ಊರು ತನಗೆ ತೋಚಿದ ಹೆಸರು ಕೊಟ್ಟಿತು. ಗದ್ದೆಯ ಯಜಮಾನ ಹೇಳಿದ: "ನಿಮ್ಮ ಜನದ ಮಯ್ಯಿ ಕಲ್ಲು ಇದ್ದಂಗೆ, ನಿಂಗೇನಮ್ಮಿ ರೋಗ? ಮಗ ಮೇಷ್ಟ್ರಾದ ಅಂತ ಕೊಬ್ಬು." ಓರಗೆಯ ಹೆಂಗಸರಲ್ಲಿ ಕೆಲವರು ಸೊಸೆ ಕೈಲಿ ಮಾಡಿಸಿಕೊಳ್ಳುವ ಆಟ ಅಂದರು. ಕಣಿ ಹೇಳುವವಳು ಹರಕೆ ಬಾಕಿ ಇದೆ ಅಂದಳು. ಊರಿನ ದೊಡ್ಡ ಮನುಷ್ಯರೊಬ್ಬರು, ಒಳ್ಳೆಯವರೇ, ಕನಿಕರದಿಂದಲೇ, "ಪೂರ್ವಜನ್ಮದ್ದು, ಅನುಭವಿಸಿ ಕಳೀಬೇಕು" ಅಂದರು.

ಕಲ್ಲು, ಕೊಬ್ಬು, ಹರಕೆ, ಕರ್ಮ. ನಾಲ್ಕು ಮಾತಿನಲ್ಲಿ ಒಂದರಲ್ಲೂ ಅವ್ವ ಇಲ್ಲ.

'ನಿಮ್ಮ ಜನದ ಮೈ ಕಲ್ಲು' ಅನ್ನೋದನ್ನ ಕೊಂಚ ನಿಂತು ನೋಡಬೇಕು. ಇದು ಹೊಗಳಿಕೆ ಹಾಗೆ ಕೇಳಿಸುತ್ತದೆ. ಆದರೆ ಇದರ ಹಿಂದೆ ಒಂದು ಲೆಕ್ಕ ಇದೆ. ಕಲ್ಲಿಗೆ ನೋವಾಗುವುದಿಲ್ಲ. ನೋವಾಗದ್ದಕ್ಕೆ ಎಷ್ಟು ಹೊರೆಯನ್ನಾದರೂ ಹೊರಿಸಬಹುದು. ಬಿಸಿಲಲ್ಲಿ ನಿಲ್ಲಿಸಬಹುದು, ಮಲದ ಗುಂಡಿಗೆ ಇಳಿಸಬಹುದು, ಬಾಣಂತಿಯನ್ನ ಗದ್ದೆಗೆ ಕರೆಯಬಹುದು. ಮುಟ್ಟಬಾರದ ಮೈ ಅಂತ ಹೇಳಿದವರೇ ದಣಿಯದ ಮೈ ಅಂತಲೂ ಹೇಳಿದರು. ಎರಡನ್ನೂ ಹೇಳಿಕೊಟ್ಟ ಬಾಯಿ ಒಂದೇ.

ಆಸ್ಪತ್ರೆ ಅಲೆದಾಟ ಐದು ವರ್ಷ. ಮೊದಲು ಹೋಬಳಿಯ ಮೆಡಿಕಲ್ ಷಾಪು. ಆಮೇಲೆ ವಾರಕ್ಕೊಂದು ಇಂಜೆಕ್ಷನ್ನು ಹಾಕುವ ಸಣ್ಣ ಕ್ಲಿನಿಕ್ಕು. ಅಲ್ಲಿ ಚುಚ್ಚಿದ ದಿನ ಅರ್ಧ ದಿನ ಹಗುರ, ಮತ್ತೆ ಅದೇ. ಆಮೇಲೆ ಪೇಟೆಯ ಒಂದು ಆಸ್ಪತ್ರೆ. ಮೇಜಿನ ಆಚೆ ಕೂತವರು ತಲೆ ಎತ್ತದೆ ಹೆಸರು ಕೇಳಿದರು, ವಯಸ್ಸು ಕೇಳಿದರು, ಚೀಟಿ ಬರೆದರು. ಅವ್ವ ಹೆಗಲು ತೋರಿಸಲು ಸೆರಗು ಸರಿಸುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದ್ದಾಗಿತ್ತು. ಕಾರಣ ಜಾತಿಯೋ, ಹೊರಗೆ ನಿಂತಿದ್ದ ನೂರು ಜನರ ಸಾಲೋ, ಇದೇ ಅಂತ ನಾನು ಹೇಳಲಾರೆ. ಆದರೆ ಇಷ್ಟು ಹೇಳಬಲ್ಲೆ: ಆ ಐದು ವರ್ಷ ಸೂಜಿ ಮಾತ್ರ ಅವ್ವನ ಮೈ ಮುಟ್ಟಿತು.

ಎಕ್ಸ್‌ರೇ ತೆಗೆಸಿದೆವು. ರಕ್ತ ಕೊಟ್ಟೆವು. ಎರಡು ಸಲ, ಮೂರು ಸಲ. ಪ್ರತಿ ಸಲವೂ ಬಂದ ಉತ್ತರ: ಎಲ್ಲಾ ನಾರ್ಮಲ್. ಆ ಇಂಗ್ಲಿಷ್ ಪದ ಅವ್ವನಿಗೆ ಬಾಯಿಪಾಠವಾಯಿತು. ಬಸ್ಸಿನಲ್ಲಿ ಬರುತ್ತಾ ಒಂದು ಸಲ ಕೇಳಿದಳು: "ನಾರ್ಮಲ್ ಅಂದ್ರೆ ನಾನು ಸುಳ್ಳೇಳ್ತಾ ಇವ್ನಿ ಅಂತ್ಲಾ ಮಗ?"

ನಾನು ಇಲ್ಲಿ ಒಂದು ಬೇರೆ ವಿಷಯ ಎತ್ತಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. 2000ದ ಮಾರ್ಚಿಯಲ್ಲಿ ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನ ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಬೂದಿ ಇತ್ತು, ಹೆಣ ಇತ್ತು, ಇಡೀ ನಾಡು ಕಂಡಿತ್ತು. ಆದರೂ ಕಾಗದದಲ್ಲಿ ಕೊಂದವರು ಯಾರೂ ಇಲ್ಲ. ನಮ್ಮ ಜನಕ್ಕೆ ಈ ಪಾಠ ಹಳೆಯದು. ನಮ್ಮ ಬಾಯಿಮಾತಿಗೆ ಬೆಲೆ ಇಲ್ಲ, ಬೇರೆ ಯಾರಾದರೂ ಬಂದು ಹೌದು ಅನ್ನಬೇಕು. ಠಾಣೆಯಲ್ಲಿ ಸಾಕ್ಷಿ ಎಲ್ಲಿ ಅಂತಾರೆ, ಆಸ್ಪತ್ರೆಯಲ್ಲಿ ರಿಪೋರ್ಟ್ ಎಲ್ಲಿ ಅಂತಾರೆ. ಬಾಯಿ ಇದ್ದೂ ಸಾಕ್ಷಿಯಾಗದ ಜನ ನಾವು. ಅಂಥವರ ಮನೆಗೆ, ರಿಪೋರ್ಟೇ ಇಲ್ಲದ ಕಾಯಿಲೆ ಬಂದರೆ ಏನಾಗಬೇಕು?

2014ರಲ್ಲಿ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ಕೀಲು ಮತ್ತು ಸ್ನಾಯುಗಳ ಕಾಯಿಲೆ ನೋಡುವ ಡಾಕ್ಟರಮ್ಮ ಒಬ್ಬರು ಸಿಕ್ಕಿದರು. ಎಕ್ಸ್‌ರೇ ಚೀಲವನ್ನ ಪಕ್ಕಕ್ಕಿಟ್ಟು ಮೊದಲು ಮಾತಾಡಿಸಿದರು. ಎಷ್ಟು ದಿನದಿಂದ, ಎಲ್ಲೆಲ್ಲಿ, ನಿದ್ದೆ ಹೇಗೆ, ಎದ್ದಾಗ ಹೇಗೆ, ಮರೆವು ಇದೆಯಾ. ಆಮೇಲೆ ಎದ್ದು ಬಂದು ಕತ್ತಿನ ಹಿಂದೆ, ಭುಜದ ಮೇಲೆ, ಎದೆಯ ಪಕ್ಕೆಲುಬಿನ ಹತ್ತಿರ, ಮೊಣಕೈ, ಸೊಂಟ, ಮೊಣಕಾಲಿನ ಒಳಮಗ್ಗುಲು ಹೀಗೆ ಒಂದೊಂದೇ ಕಡೆ ಹೆಬ್ಬೆರಳಲ್ಲಿ ಅದುಮಿದರು. ಒಂದೊಂದು ಕಡೆಯೂ ಅವ್ವ ಬೆಚ್ಚಿಬಿದ್ದಳು. ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಕೊರತೆ, ಕೀಲುವಾತ ಇವು ಯಾವುದೂ ಅಲ್ಲವೆಂದು ಇನ್ನೊಂದು ಸುತ್ತು ಪರೀಕ್ಷೆ ಮಾಡಿಸಿ, ಆಮೇಲೆ ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯ.

ಮನೆಗೆ ಬಂದ ಅವ್ವ ಕೇರಿಯವರಿಗೆ ಹೇಳಿದ್ದು ಈ ಹೆಸರನ್ನಲ್ಲ. "ಆಯಮ್ಮ ನನ್ ಮಯ್ ಮುಟ್ಟಿ ನೋಡುದ್ರು ಕನ್ರವ್ವ" ಅಂತ ಹೇಳಿದಳು.

ಫೈಬ್ರೊ ಅಂದರೆ ನಾರು, ಮಯೊ ಅಂದರೆ ಸ್ನಾಯು, ಆಲ್ಜಿಯ ಅಂದರೆ ನೋವು. ಲ್ಯಾಟಿನ್ನು ಗ್ರೀಕು ಕೂಡಿಸಿ ಕಟ್ಟಿದ ಪದ. ನಾನು ಬಿಡಿಸಿ ಹೇಳಿದಾಗ ಅವ್ವ ನಡುವಿನದನ್ನ ಮಾತ್ರ ಹಿಡಿದುಕೊಂಡಳು. "ಮಯ್ ಅಂತ ಅದ್ರಲ್ಲೇ ಅದೆಯಲ್ಲ, ನಾನೂ ಅದ್ನೇ ಹೇಳ್ತಾ ಇದ್ದದ್ದು" ಅಂದಳು. ನಗು ಬಂತು. ಐದು ವರ್ಷದ ಮೇಲೆ ಆಕೆಯ ಕಾಯಿಲೆ ಆಕೆಯ ಭಾಷೆಗೆ ಹತ್ತಿರ ಬಂದಿತ್ತು.

ಹೆಸರು ಸಿಕ್ಕ ಮೇಲೆ ನಾನು ಓದಲು ಕೂತೆ. ಈ ನೋವು ಹೊಸದಲ್ಲ. 1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ ಇಂಥ ನೋವಿಗೆ 'ಫೈಬ್ರೊಸೈಟಿಸ್' ಅಂತ ಹೆಸರಿಟ್ಟ. ನಾರಿನ ಉರಿಯೂತ ಅಂತ ಅರ್ಥ. ಹುಡುಕಿದರೆ ಉರಿಯೂತ ಸಿಗಲಿಲ್ಲ. 1976ರಲ್ಲಿ ಇಂದಿನ ಹೆಸರು ಬಂತು. 1990ರಲ್ಲಿ ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆ ಗುರುತಿಸುವ ಕ್ರಮ ಗೊತ್ತು ಮಾಡಿತು: ಮೂರು ತಿಂಗಳಿಗೆ ಮೀರಿದ ಮೈಯೆಲ್ಲ ನೋವು ಇರಬೇಕು, ಮೈಮೇಲೆ ಗುರುತಿಸಿದ 18 ಜಾಗಗಳನ್ನ ಸುಮಾರು 4 ಕಿಲೋ ಭಾರದಷ್ಟು ಅದುಮಿದಾಗ 11 ಕಡೆಯಾದರೂ ನೋಯಬೇಕು. ಅಂದರೆ ಇದು ಯಂತ್ರಕ್ಕೆ ಸಿಗದ, ಕೈಗೆ ಸಿಗುವ ಕಾಯಿಲೆ. ವೈದ್ಯ ರೋಗಿಯನ್ನ ಮುಟ್ಟಲೇಬೇಕು.

2010ರಲ್ಲಿ ಅದೇ ಸಂಸ್ಥೆ ಕ್ರಮ ಬದಲಿಸಿತು. ಅದುಮುವುದು ಕಡ್ಡಾಯವಲ್ಲ ಅಂದಿತು. ಮೈಯನ್ನ 19 ಭಾಗ ಮಾಡಿ, ಕಳೆದ ವಾರ ಎಲ್ಲೆಲ್ಲಿ ನೋವಿತ್ತು ಅಂತ ಕೇಳಬೇಕು. ಆಯಾಸ ಎಷ್ಟು, ಎದ್ದಾಗ ದಣಿವು ಕಳೆದಿರುತ್ತದೆಯೋ ಇಲ್ಲವೋ, ನೆನಪು ಯೋಚನೆ ಹೇಗಿವೆ ಅಂತ ಕೇಳಿ ಅಂಕ ಹಾಕಬೇಕು. 2016ರಲ್ಲಿ ಇದನ್ನೇ ಇನ್ನಷ್ಟು ತಿದ್ದಿದರು. ಅಂದರೆ ಈಗ ಇದು ಕೇಳಿ ತಿಳಿಯುವ ಕಾಯಿಲೆ. ರೋಗಿಯ ಮಾತೇ ಸಾಕ್ಷಿ.

ಸಂಗಾತಿಗಳೇ, ಇದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಂದು ಕಾಲಕ್ಕೆ ಮುಟ್ಟಿ ತಿಳಿಯಬೇಕಿದ್ದ, ಈಗ ಕೇಳಿ ತಿಳಿಯಬೇಕಾದ ಕಾಯಿಲೆ. ಯಾರನ್ನ ಮುಟ್ಟಲಿಲ್ಲವೋ, ಯಾರ ಮಾತನ್ನ ಕೇಳಲಿಲ್ಲವೋ, ಅಂಥವರಿಗೇ ಇದು ಬಂದರೆ ಪತ್ತೆ ಮಾಡುವವರು ಯಾರು?

ಮೈಯೊಳಗೆ ಏನಾಗುತ್ತದೆ ಅನ್ನೋದನ್ನ ನಾಲೆ ಬಯಲಿನವನಾಗಿ ನನಗೆ ತಿಳಿದ ಹಾಗೆ ಹೇಳುತ್ತೇನೆ. ಮೈಯ ಎಲ್ಲ ಕಡೆಯಿಂದ ಸುದ್ದಿ ನರಗಳ ಮೂಲಕ ಮಿದುಳಬಳ್ಳಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಮಧ್ಯೆ ತೂಬು ಇದ್ದ ಹಾಗೆ ಒಂದು ವ್ಯವಸ್ಥೆ ಇದೆ. ಬೇಡದ ಸುದ್ದಿಯನ್ನ ಅದು ತಡೆಯುತ್ತದೆ, ಬೇಕಾದಷ್ಟನ್ನ ಬಿಡುತ್ತದೆ. ಈ ಕಾಯಿಲೆಯಲ್ಲಿ ತೂಬು ಸರಿಯಾಗಿ ಮುಚ್ಚುವುದಿಲ್ಲ. ಸಣ್ಣ ಒತ್ತಡವೂ ದೊಡ್ಡ ನೋವಾಗಿ ಹರಿಯುತ್ತದೆ. ಗದ್ದೆಯಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ, ತಪ್ಪಿರುವುದು ತೂಬಿನಲ್ಲಿ. ಅದಕ್ಕೇ ಮೂಳೆಯ ಎಕ್ಸ್‌ರೇ ನಾರ್ಮಲ್.

ಇದು ಬರೀ ಊಹೆಯಲ್ಲ. 2002ರಲ್ಲಿ ಅಮೆರಿಕದಲ್ಲಿ ಗ್ರೇಸ್ಲಿ ಮತ್ತು ಜೊತೆಗಾರರು ರೋಗಿಗಳ, ಆರೋಗ್ಯವಂತರ ಹೆಬ್ಬೆರಳ ಉಗುರನ್ನ ಅದುಮುತ್ತಾ ಮಿದುಳಿನ ಚಿತ್ರ ತೆಗೆದರು. ಆರೋಗ್ಯವಂತರಿಗೆ ಬರೀ ಒತ್ತಿದ ಹಾಗೆ ಅನಿಸುವ ಅಷ್ಟೇ ಒತ್ತಡಕ್ಕೆ, ರೋಗಿಗಳ ಮಿದುಳಿನಲ್ಲಿ ನೋವಿನ ಜಾಗಗಳು ಹೊತ್ತಿಕೊಂಡವು. ಅದಕ್ಕೂ ಮೊದಲು, 1975ರಲ್ಲಿ, ಕೆನಡಾದ ಮೊಲ್ಡೋಫ್‌ಸ್ಕಿ ಮತ್ತು ಜೊತೆಗಾರರು ಆರೋಗ್ಯವಂತ ಯುವಕರ ಗಾಢ ನಿದ್ದೆಯನ್ನ ಕೆಲವು ರಾತ್ರಿ ಸದ್ದು ಮಾಡಿ ಕೆಡಿಸಿದರು. ನೋವೇ ಇಲ್ಲದವರಿಗೆ ಮೈಕೈ ನೋವು, ಆಯಾಸ ಕಾಣಿಸಿತು. 2021ರಲ್ಲಿ ಇಂಗ್ಲೆಂಡಿನ ಸಂಶೋಧಕರು ರೋಗಿಗಳ ರಕ್ತದಿಂದ ಪ್ರತಿಕಾಯಗಳನ್ನ ತೆಗೆದು ಇಲಿಗಳಿಗೆ ಕೊಟ್ಟರು. ಇಲಿಗಳ ಮೈ ಒತ್ತಡಕ್ಕೆ, ಚಳಿಗೆ ಹೆಚ್ಚು ನೋಯತೊಡಗಿತು. ಇಲಿ ಕೊಬ್ಬಿನಿಂದ ನಾಟಕ ಆಡುವುದಿಲ್ಲ. ಇಲಿಗೆ ಸೊಸೆಯೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಬೇರೆ ಕಾಯಿಲೆಯ ನೆರಳಾಗಿ ಬರುವ ನೋವೇ ಅಲ್ಲದೆ, ತಾನೇ ಒಂದು ಕಾಯಿಲೆಯಾದ ದೀರ್ಘ ನೋವೂ ಇದೆ ಅಂತ ಅದು ಒಪ್ಪಿದೆ. ಜಗತ್ತಿನಲ್ಲಿ 100 ಜನರಲ್ಲಿ ಸುಮಾರು 2ರಿಂದ 4 ಜನಕ್ಕೆ ಫೈಬ್ರೊಮಯಾಲ್ಜಿಯ ಇರಬಹುದು ಅಂತ ಲೆಕ್ಕ. ಹೆಂಗಸರೇ ಹೆಚ್ಚು, ಗಂಡಸರಿಗೂ ಬರುತ್ತದೆ. ಒಂದು ಹಳ್ಳಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಜಾತಿಯಿಂದ ಈ ಕಾಯಿಲೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಅಗ್ರಹಾರಕ್ಕೂ ಬರುತ್ತದೆ, ಅಮೆರಿಕಕ್ಕೂ ಬರುತ್ತದೆ. ಲೇಡಿ ಗಾಗಾ ಅನ್ನುವ ದೊಡ್ಡ ಹಾಡುಗಾರ್ತಿ ತನಗೆ ಈ ಕಾಯಿಲೆ ಇದೆ ಅಂತ 2017ರಲ್ಲಿ ಜಗತ್ತಿಗೆ ಹೇಳಿ, ಯುರೋಪಿನ ಹಾಡಿನ ಪ್ರವಾಸವನ್ನ ಮುಂದಕ್ಕೆ ಹಾಕಿದಳು. ಆಕೆಯ ನೋವು ನಿಜ, ಅದನ್ನ ಬಾಯಿಬಿಟ್ಟು ಹೇಳಿದ್ದು ದೊಡ್ಡದು. ಆದರೆ ನಾಟಿಯನ್ನ ಮುಂದಕ್ಕೆ ಹಾಕಲಿಕ್ಕೆ ಬರುವುದಿಲ್ಲ. ನಾಲೆಯಲ್ಲಿ ನೀರು ಬಿಟ್ಟಾಗ ಪೈರು ನೆಡಬೇಕು, ಅವತ್ತು ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ. ಕಾಯಿಲೆ ಒಂದೇ, ಮಲಗುವ ಹಕ್ಕು ಒಂದೇ ಅಲ್ಲ. ಎಳೆತನದಲ್ಲಿ ಪಟ್ಟ ಕಷ್ಟ, ಬಹುಕಾಲದ ಒತ್ತಡ, ಗಾಯ, ಕೆಟ್ಟ ನಿದ್ದೆ ಇವು ಇದ್ದವರಲ್ಲಿ ಈ ಕಾಯಿಲೆ ಹೆಚ್ಚು ಕಾಣುತ್ತದೆ ಅಂತ ವೈದ್ಯರು ಬರೆದಿದ್ದಾರೆ. ಮನೆತನದಲ್ಲೂ ಹರಿದು ಬರಬಹುದು. ಇವುಗಳಲ್ಲಿ ಅವ್ವನಿಗೆ ಯಾವುದು ಕಾರಣವೋ ಯಾರೂ ಬೆರಳಿಟ್ಟು ತೋರಿಸಲಾರರು. ಏಳನೆಯ ವಯಸ್ಸಿಗೆ ಗೊಬ್ಬರ ಹೊತ್ತ ಹುಡುಗಿಯ ಜೀವನದಲ್ಲಿ ಇವೆಲ್ಲ ಇದ್ದವು ಅಂತ ಮಾತ್ರ ನಾನು ಬಲ್ಲೆ.

ಇನ್ನು ಮದ್ದು. ಮೊದಲಿಗೆ ಕಹಿ ಮಾತು: ಇದನ್ನ ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಹಾಗಂತ ಇದು ಕೊಲ್ಲುವ ಕಾಯಿಲೆಯೂ ಅಲ್ಲ, ಕೀಲು ಸವೆಸುವುದಿಲ್ಲ, ಕೈಕಾಲು ಸೊಟ್ಟ ಮಾಡುವುದಿಲ್ಲ. ಹಳ್ಳಿಗಳಲ್ಲಿ ಮೈಕೈ ನೋವಿಗೆ ಕೊಡುವ ಡೈಕ್ಲೋಫಿನಾಕ್ ತರಹದ ಮಾತ್ರೆ, ಇಂಜೆಕ್ಷನ್ನು, ಸ್ಟೀರಾಯ್ಡು ಇವು ಈ ಕಾಯಿಲೆಗೆ ಕೆಲಸ ಮಾಡುವುದಿಲ್ಲ. ವರ್ಷಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಸ್ಟೀರಾಯ್ಡಿಂದ ಮೂಳೆ ಟೊಳ್ಳು, ಸಕ್ಕರೆ ಕಾಯಿಲೆ. ಅವ್ವ ಐದು ವರ್ಷ ತಿಂದ ಮಾತ್ರೆಗಳನ್ನ ಡಾಕ್ಟರಮ್ಮ ಒಂದೊಂದಾಗಿ ಬಿಡಿಸಿದರು. ಅಮಿಟ್ರಿಪ್ಟಿಲಿನ್ ಅನ್ನುವ ಹಳೆಯ, ಅಗ್ಗದ ಮಾತ್ರೆಯನ್ನ ಸಣ್ಣ ಪ್ರಮಾಣದಲ್ಲಿ ರಾತ್ರಿಗೆ ಬರೆದರು. ನಿದ್ದೆಯನ್ನೂ ನೋವನ್ನೂ ಅದು ಸ್ವಲ್ಪ ಹಿಡಿತಕ್ಕೆ ತರುತ್ತದೆ. ಅಮೆರಿಕದಲ್ಲಿ 2007ರಿಂದ 2009ರ ಒಳಗೆ ಪ್ರೆಗಾಬಲಿನ್, ಡ್ಯುಲೊಕ್ಸೆಟಿನ್, ಮಿಲ್ನಾಸಿಪ್ರಾನ್ ಅನ್ನುವ ಮೂರು ಮದ್ದುಗಳಿಗೆ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿತು. ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಿದವರಿಗೂ ಪೂರ್ತಿ ಅಲ್ಲ. ಯಾವುದನ್ನ ಯಾರಿಗೆ ಅನ್ನೋದನ್ನ ವೈದ್ಯರೇ ಗೊತ್ತು ಮಾಡಬೇಕು, ಮೆಡಿಕಲ್ ಷಾಪಿನವನಲ್ಲ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ವ್ಯಾಯಾಮಕ್ಕೆ. ಯುರೋಪಿನ ಕೀಲುರೋಗ ತಜ್ಞರ ಸಂಘ ತನ್ನ ಶಿಫಾರಸಿನಲ್ಲಿ ಬಲವಾಗಿ ಒತ್ತಿ ಹೇಳಿದ್ದು ಇದೊಂದನ್ನೇ. ಡಾಕ್ಟರಮ್ಮ ದಿನಾ ವ್ಯಾಯಾಮ ಮಾಡಬೇಕು ಅಂದಾಗ ಅವ್ವ ಅವರ ಮುಖವನ್ನೇ ನೋಡಿದಳು. "ಐವತ್ತು ವರ್ಸದಿಂದ ಮಾಡ್ತಾ ಇರದೇನವ್ವ ಮತ್ತೆ?" ಅಂದಳು.

ಆ ಪ್ರಶ್ನೆ ನ್ಯಾಯದ್ದು. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ. ದುಡಿಮೆಯಲ್ಲಿ ಮೈ ಯಾರದೋ ಲೆಕ್ಕಕ್ಕೆ ನಡೆಯುತ್ತದೆ. ಸಾಲು ಮುಗಿಯುವ ತನಕ ಬಗ್ಗಿರಬೇಕು, ಪಕ್ಕದವಳಿಗಿಂತ ಹಿಂದೆ ಬೀಳಬಾರದು. ವ್ಯಾಯಾಮದಲ್ಲಿ ಮೈ ತನ್ನ ಲೆಕ್ಕಕ್ಕೆ ತಾನು ನಡೆಯುತ್ತದೆ. ಇವತ್ತು ನಾಲೆ ಏರಿ ಮೇಲೆ ಹತ್ತು ನಿಮಿಷ ನಡಿಗೆ, ಮುಂದಿನ ವಾರ ಹನ್ನೆರಡು ನಿಮಿಷ. ನೋವು ಏರಿದರೆ ಅಲ್ಲಿಗೇ ನಿಲ್ಲಿಸುವ ಅಧಿಕಾರ ನಡೆಯುವವಳದು. ಅವ್ವ ತನ್ನ ಜೀವಮಾನದಲ್ಲಿ ಹೊರೆ ಇಲ್ಲದೆ, ಯಾರೂ ಕರೆಯದೆ, ಬರೀ ತನಗೋಸ್ಕರ ನಡೆದದ್ದು 2014ರ ಆ ಚಳಿಗಾಲದಲ್ಲೇ ಮೊದಲು. ಊರಿನವರು ನಕ್ಕರು. "ನಗ್ಲಿ ಬುಡು, ಅವ್ರ್ ಹಲ್ಲು" ಅಂದಳು.

ಎರಡನೆಯ ಪಾಠ ಲೆಕ್ಕದ್ದು. ಹಗುರ ಅನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿಬಿಡಬೇಕು ಅನ್ನೋದು ದುಡಿಯುವವರ ಬುದ್ಧಿ. ಈ ಕಾಯಿಲೆ ಅದನ್ನ ಒಪ್ಪುವುದಿಲ್ಲ. ಒಂದು ದಿನ ಮೀರಿ ದುಡಿದರೆ ಮೂರು ದಿನ ಹಾಸಿಗೆ. ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಅಳತೆಯಲ್ಲಿ ಕೆಲಸ ಹಂಚಿಕೊಳ್ಳಬೇಕು. ತಿಂಗಳ ಸಂಬಳದವನಿಗೆ ಇದು ಕಷ್ಟವಾದರೂ ಸಾಧ್ಯ. ದಿನಗೂಲಿಯವಳಿಗೆ? ಗುತ್ತಿಗೆ ನಾಟಿಯಲ್ಲಿ ಎಕರೆಗೆ ಇಷ್ಟು ಅಂತ ಮಾತು, ಬೇಗ ಮುಗಿಸಿದಷ್ಟೂ ಲಾಭ. ಉದ್ಯೋಗ ಖಾತ್ರಿಯ ಗುಂಡಿ ತೋಡುವ ಕೆಲಸಕ್ಕೆ 2012ರಲ್ಲಿ ಅವ್ವ ಹೋದಾಗಲೂ ಮಣ್ಣಿನ ಅಳತೆಗೇ ಕೂಲಿ ಕಟ್ಟಿದರು. ಅಳತೆ ಪಟ್ಟಿಗೆ ಮೈಯ ಅಳತೆ ಗೊತ್ತಿರಲಿಲ್ಲ.

ಇದಕ್ಕೆ ದಾರಿ ತೋರಿಸಿದವರು ಡಾಕ್ಟರಲ್ಲ, ಅವ್ವನ ಗುಂಪಿನ ಹೆಂಗಸರು. ಆಟ ಅಂದಿದ್ದವರೂ ಅವರಲ್ಲಿದ್ದರು. ಕಾಯಿಲೆಯ ವಿಷಯ ಕೇಳಿಸಿಕೊಂಡ ಮೇಲೆ ಗುಂಪಿನ ಹಿರಿಯಳು ಹೇಳಿದಳು: "ನೀನು ಬಗ್ಗಬ್ಯಾಡ ಕನಕ್ಕ. ಒಟ್ಲತ್ರ ಕುಂತ್ಕಂಡು ಪೈರಿನ ಕಟ್ಟು ಕಟ್ಟು, ನಾವು ನೆಡ್ತೀವಿ. ದುಡ್ಡು ಸಮಸಮ." ನಮ್ಮಲ್ಲಿ ಮುಯ್ಯಾಳು ಅನ್ನುವ ಪದ್ಧತಿ ಇದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಗದ್ದೆಯೇ ಇಲ್ಲದ ಆ ಹೆಂಗಸರು ಮೈಗೆ ಮುಯ್ಯಿ ಕಟ್ಟಿದರು. ಅವ್ವ ಇನ್ನೂ ಮೂರು ವರ್ಷ ಹಾಗೇ ದುಡಿದಳು. ಮನೆಯಲ್ಲಿ ನೀರು ತರುವುದು, ಬಟ್ಟೆ ಒಗೆಯುವುದು ಗಂಡುಮಕ್ಕಳ ಪಾಲಿಗೆ ಬಂತು. ಸೊಸೆಯ ತಲೆ ಮೇಲೆ ಹಾಕಿದರೆ ಒಂದು ಮೈಯ ಹೊರೆ ಇನ್ನೊಂದು ಹೆಣ್ಣಿನ ಮೈಗೆ ಹೋಗುತ್ತದೆ ಅಷ್ಟೇ ಅಂತ ಹೇಳಿದವಳೂ ಅವ್ವನೇ.

ಈಗಲೂ ನೋವಿದೆ. ಹನ್ನೊಂದು ವರ್ಷ ಮೀರಿತು. ಚಳಿ ಬಿದ್ದಾಗ, ನಿದ್ದೆ ಕೆಟ್ಟಾಗ, ಮನೆಯಲ್ಲಿ ಸಾವು ನೋವಾದಾಗ ಏರುತ್ತದೆ. ಬಿಸಿನೀರಿನ ಕಾಪು, ನಿಧಾನದ ನಡಿಗೆ, ಹೊತ್ತಿಗೆ ಸರಿಯಾಗಿ ಮಲಗುವುದು, ಒಂದು ಮಾತ್ರೆ. ಇಳಿಯುತ್ತದೆ, ಹೋಗುವುದಿಲ್ಲ. ಆದರೆ ಅವ್ವ ಈಗ 'ನಾನು ಸುಳ್ಳೇಳ್ತಾ ಇವ್ನಾ' ಅಂತ ಕೇಳುವುದಿಲ್ಲ.

ಕರ್ಮದ ಮಾತಿಗೆ ಉತ್ತರ ಹೇಳದೆ ಮುಗಿಸಲಾರೆ. ಹಿಂದಿನ ಜನ್ಮದ ಕರ್ಮ ಅನ್ನುವ ಸಿದ್ಧಾಂತ, ಬಡವರ ದೀನರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆಯಲ್ಲ ಅಂತ ಕೈತೊಳೆದುಕೊಳ್ಳಲಿಕ್ಕೆ ಅನುಕೂಲ ಮಾಡುತ್ತದೆ ಅನ್ನುವ ವಾದವನ್ನ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಮಾಡಿದ್ದಾರೆ. ಸಕ್ಕರೆ ಕಾಯಿಲೆ, ಕಾಲುನೋವುಗಳಿಂದ ನರಳುತ್ತಲೇ ಅವರು ಬರೆದ ಪುಸ್ತಕ ಅದು. ಅವರು ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು, ಪುಸ್ತಕ ಹೊರಬಂದದ್ದು 1957ರಲ್ಲಿ. ಅವರ ಪಟವನ್ನ ನಾವು ನೀಲಿ ಕೋಟಿನಲ್ಲಿ, ಬೆರಳೆತ್ತಿ ನಿಂತ ಹಾಗೆ ಬರೆಸುತ್ತೇವೆ. ಸರಿ. ಆದರೆ ನೋಯುವ ಕಾಲಿನ ಆ ಮನುಷ್ಯನೂ ನಮ್ಮವನೇ. ನಮ್ಮ ಸಭೆಗಳಲ್ಲಿ ಭೂಮಿಯ ಮಾತು ಬರುತ್ತದೆ, ಮೀಸಲಾತಿಯ ಮಾತು ಬರುತ್ತದೆ, ಬರಲೇಬೇಕು. ದುಡಿದು ನೋಯುವ ಮೈಯ ಮಾತು ಬರುವುದಿಲ್ಲ. ಅದು ಹೆಂಗಸರ ಅಡುಗೆಮನೆ ಮಾತು ಅಂತ ಹೊರಗೇ ನಿಲ್ಲಿಸಿಬಿಟ್ಟಿದ್ದೇವೆ. ಹೊರಗೆ ನಿಲ್ಲಿಸುವುದರ ರುಚಿ ಗೊತ್ತಿರುವ ನಾವೇ.

ಕಾನೂನಿನಲ್ಲೂ ಈ ನೋವಿಗೆ ಜಾಗವಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನ ಪಟ್ಟಿ ಮಾಡಿದೆ. ಫೈಬ್ರೊಮಯಾಲ್ಜಿಯ ಅದರಲ್ಲಿ ಇಲ್ಲ. ಈ ಕಾಯಿಲೆಯ ಹೆಸರಲ್ಲಿ ಪ್ರಮಾಣಪತ್ರ ಇಲ್ಲ, ಪ್ರಮಾಣಪತ್ರ ಇಲ್ಲದಿದ್ದರೆ ಪಿಂಚಣಿ ಇಲ್ಲ. ಇದನ್ನ ಬಲ್ಲ ತಜ್ಞರು ದೊಡ್ಡ ಊರುಗಳಲ್ಲಿದ್ದಾರೆ. ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬಂದವರ ಒಂದು ದಿನದ ಕೂಲಿ. ಕಾಣದ ನೋವಿಗೆ ಇಷ್ಟು ತೆರುವ ಶಕ್ತಿ ಎಷ್ಟು ಮನೆಗಳಿಗಿದೆ?

ಹಾಗಾಗಿ ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ, ಹಾಸ್ಟೆಲ್ಲಿನ ಹುಡುಗ ಹುಡುಗಿಯರಿಗೆ, ಸಂಘಟನೆಯ ಗೆಳೆಯರಿಗೆ ನನ್ನದು ನಾಲ್ಕು ಮಾತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಕಾಯಿಲೆಯನ್ನ ಗುರುತಿಸುವ ತರಬೇತಿ ಕೊಡಿ ಅಂತ ಮನವಿ ಬರೆಯಿರಿ, ಬರೆದು ಬೆನ್ನು ಹತ್ತಿರಿ. ಕೆಲಸ ಮಾಡಲಾಗದಷ್ಟು ದೀರ್ಘ ನೋವನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿ ಅಂತ ಕೇಳಿ. ಕೂಲಿ ಅಳೆಯುವಾಗ ಕುಂತು ಮಾಡುವ ಕೆಲಸವೂ ಕೆಲಸ ಅಂತ ಒಪ್ಪಿಸಿ. ನಾಲ್ಕನೆಯದಕ್ಕೆ ಸರ್ಕಾರ ಬೇಕಿಲ್ಲ. ಇವತ್ತು ಸಂಜೆ ನಿಮ್ಮ ಅವ್ವನನ್ನೋ ಅಕ್ಕನನ್ನೋ ಕೂರಿಸಿಕೊಂಡು ಕೇಳಿ: ಎಲ್ಲೆಲ್ಲಿ ನೋವು, ಎಷ್ಟು ತಿಂಗಳಾಯಿತು, ರಾತ್ರಿ ಮಲಗಿ ಎದ್ದರೆ ದಣಿವು ಕಳೆಯುತ್ತದಾ? ಕೇಳಿದ ಮೇಲೆ ಎದ್ದು ಹೋಗಬೇಡಿ. ಅವರು ಹೇಳಿ ಮುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಬಹುದು. ಇಷ್ಟು ವರ್ಷ ಯಾರೂ ಕೇಳಿಲ್ಲವಲ್ಲ.